ಮತ್ತೆ ತಲೆ ಎತ್ತಿದ ಪಿಎಸ್‌ಎ

ಜೂನ್ ೧೧, ಮಂಗಳವಾರ

ಆಪರೇಷನ್ ಆಗಿ ವರ್ಷ ತುಂಬುವ ಮೊದಲೇ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ಮತ್ತೆ ತಲೆ ಎತ್ತಿದೆ. ಅದು ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಪ್ರೋಟೀನು; ಗ್ರಂಥಿಯನ್ನೇ ತೆಗೆದುಹಾಕಿದ ಮೇಲೆ ಕಾಣಿಸಲೇಬಾರದಿತ್ತು. ಕ್ಯಾನ್ಸರಿನ ಬೇರು ಎಲ್ಲೋ ಉಳಿದುಕೊಂಡಿರಬೇಕು. ಎಲ್ಲಿ ಎಂದು ಸ್ಕ್ಯಾನಿಗೂ ಗೊತ್ತಾಗಲಿಲ್ಲ.

"ಈಗ್ಲೇ ರೇಡಿಯೇಷನ್ ಶುರು ಮಾಡಬಹುದು. ಇಲ್ಲಾಂದ್ರೆ ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ಟೆಸ್ಟ್ ಮಾಡಿ ನೋಡಬಹುದು. ಆದ್ರೆ ಪಿಎಸ್‌ಎ ಕಮ್ಮಿ ಇದ್ದಾಗ್ಲೇ ಕೊಟ್ರೆ ಒಳ್ಳೇದು," ಎಂದರು ಡಾಕ್ಟರಮ್ಮ. ಆಪರೇಷನ್ ಆದಾಗಿನ ಹಾಗೆ ಮೂತ್ರದ ಹಿಡಿತ ಮತ್ತೆ ತಪ್ಪುತ್ತದಾ ಎಂದು ಕೇಳಿದೆ.

"ತಪ್ಪಬಹುದು. ಎಲ್ರಿಗೂ ಅಲ್ಲ."

ಆ ಮಾತು ಸಂಜೆಯಿಂದ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಪ್ಯಾಡ್ ಕಟ್ಟಿಕೊಳ್ಳುವುದನ್ನು ಬಿಟ್ಟು ಮತ್ತೆ ಬಸ್ಸಿನ ಸ್ಟೇರಿಂಗ್ ಹಿಡಿದು ಇನ್ನೂ ತಿಂಗಳಾಗಿಲ್ಲ. ಬಸ್ಸಿನ ತುಂಬ ಜನ, ಮುಂದೆ ಟ್ರಾಫಿಕ್ಕು, ಆಗ ಸೀಟು ಒದ್ದೆಯಾದರೆ? ಸಾವಿಗಿಂತ ಅದಕ್ಕೇ ಹೆದರುತ್ತೇನೆ ನಾನು.

ಊಟಕ್ಕೆ ಕೂತಾಗ ಹೆಂಡತಿಯ ಮೇಲೆ ರೇಗಿಬಿಟ್ಟೆ. ಪಾಪ, ನೀರು ಕುಡೀರಿ ಎಂದಿದ್ದಳು, ಅಷ್ಟೇ. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದೆ.

ಅವಳು ತಟ್ಟೆ ಪಕ್ಕಕ್ಕಿಟ್ಟಳು. "ನೀವು ಇಳಿದ್ರೆ ಆ ಬಸ್ಸಿಗೆ ನಾಳೆನೇ ಇನ್ನೊಬ್ಬ ಡ್ರೈವರ್ ಬರ್ತಾನೆ ಕಣ್ರೀ. ನನಗೆ ಯಾರು ಬರ್ತಾರೆ?"

ನಾನು ನೀರಿನ ಲೋಟ ಎತ್ತಿ ಗಟಗಟ ಕುಡಿದೆ. "ಬಂದ್ರೂ ನಿಮ್ಮಷ್ಟು ಗೊರಕೆ ಹೊಡೀಬಾರ್ದು," ಎಂದು ಅವಳೇ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು.

ಹಾಸಿಗೆಯಲ್ಲಿ ಹೊರಳಾಡಿ ಸಾಕಾಗಿ ಎದ್ದು ಕೂತಿದ್ದೇನೆ. ಬೆಳಿಗ್ಗೆ ಡಾಕ್ಟರಮ್ಮನಿಗೆ ಫೋನ್ ಮಾಡಿ ರೇಡಿಯೇಷನ್ನಿಗೆ ಹೂಂ ಎನ್ನುತ್ತೇನೆ. ಎನ್ನಲೇಬೇಕು. ಆದರೆ ಡಿಪೋದಲ್ಲಿ ಯಾವ ಬಾಯಿಂದ ಮತ್ತೆ ರಜೆ ಕೇಳಲಿ?