ಯಾವ ಹೊಳೆಯನ್ನೂ ಮುಟ್ಟದ ಕೊಳ

ಅಕ್ಟೋಬರ್ ೧೭, ಮಂಗಳವಾರ

ಗೆದ್ದೆವು. ಹಂದಿ ಕೊಟ್ಟಿಗೆಯ ಗಲೀಜನ್ನು ಹಿತ್ತಲ ಕೊಳಕ್ಕೆ ಬಿಡಬಹುದೋ ಬಾರದೋ ಎಂದು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದವರ ಜೊತೆ ಮೂರು ವರ್ಷ ಗುದ್ದಾಡಿದ್ದು ಇಂದು ಮುಗಿಯಿತು. ಕೊಳದ ನೀರು ನೆಲದ ಮೇಲೆ ಹರಿದು ಯಾವ ಹೊಳೆಯನ್ನೂ ಮುಟ್ಟುವುದಿಲ್ಲ, ಹಾಗಾಗಿ ಕೇಂದ್ರದ ಕಾನೂನು ಇಲ್ಲಿಗೆ ಬರುವುದಿಲ್ಲ ಎಂದರು ನ್ಯಾಯಾಧೀಶರು.

ಕಳೆದ ವಾರ ಸರ್ಕಾರದ ಕಡೆಯ ಮಾರ್ಲಿಸ್, ನೀರು ಎಲ್ಲಿಗೆ ಹೋಗುತ್ತದೆಂದು ನೋಡಲು ಕೊಳಕ್ಕೆ ಹಸಿರು ಬಣ್ಣ ಸುರಿದಿದ್ದಳು. ನಾನು ಬೇಲಿಗೆ ಒರಗಿ ನಕ್ಕಿದ್ದೆ.

"ಏನಮ್ಮಾ, ಬಾತುಗಳಿಗೆ ಶರಬತ್ತು ಮಾಡ್ತಿದೀಯಾ?"

"ಹೂಂ ಆರ್ವಿಡ್. ಇಲ್ಲಿ ನೆಲದಡಿ ಸುಣ್ಣಕಲ್ಲೆಲ್ಲಾ ತೂತು. ಯಾರ್ಯಾರು ಕುಡೀತಾರೋ ನೋಡೋಣ."

ನೆಲದಡಿಯ ಹರಿವು ಲೆಕ್ಕಕ್ಕಿಲ್ಲವೆಂದು ನ್ಯಾಯಾಲಯ ಅವಳ ಮಾತು ಕೇಳಲಿಲ್ಲ.

ಸಂಜೆ ಕೊಳದ ದಂಡೆಯಲ್ಲಿ ತುಂಬ ಹೊತ್ತು ಕುಳಿತೆ. ಮೋಡಗಳು ಅದರೊಳಗೆ ಮೆಲ್ಲಗೆ ಈಜುತ್ತಿದ್ದವು. ಯಾರಿಗೂ ಸೇರದ, ಎಲ್ಲಿಗೂ ಹೋಗದ ನೀರು. ನೋಡುತ್ತ ನೋಡುತ್ತ ನಾನೂ ಹಗುರಾಗಿ ತೇಲಿದಂತಿತ್ತು.

ಊಟಕ್ಕೆ ಕೂತಾಗ ಹೆಂಡತಿ ಆರ್ಡಿಸ್ ನಮ್ಮ ಬಾವಿಯ ನೀರನ್ನು ಲೋಟಕ್ಕೆ ಹಿಡಿದು ದೀಪದತ್ತ ಎತ್ತಿದಳು. "ರೀ, ಇದ್ಯಾಕ್ರೀ ಹಸಿರಾಗಿದೆ?"

ಚೆಂದವಿತ್ತು, ಎಳೆ ಹುಲ್ಲಿನ ಬಣ್ಣ. ಲೋಟ ಈಗಲೂ ನನ್ನೆದುರಿಗೇ ಇದೆ. ಬೆಳಿಗ್ಗೆ ಕೊಟ್ಟಿಗೆಯಿಂದ ಕೊಳಕ್ಕೆ ಪೈಪು ಜೋಡಿಸುವವರು ಬರುತ್ತಾರೆ. ತುಂಬ ಬಾಯಾರಿದೆ, ಆದರೆ…