ಜಾಡಿಯ ತಳದ ಹರಳು

ಲೋರೆಂಟ್ಸ್ ಮಾವಾ,

ನೀವು ಕಣ್ಮುಚ್ಚಿದ ಮೇಲೆ ಮೊದಲ ಸಲ ನಿಮ್ಮ ವೈನಿನ ಜಾಡಿಗಳನ್ನು ನಿಮ್ಮ ಸೊಸೆ ನಾನೇ ಹಿಮದಲ್ಲಿಟ್ಟಿದ್ದೆ. ಮೂರು ವಾರ ನಮ್ಮ ಮೊಸೆಲ್ ಕಣಿವೆ ಚಳಿಗೆ ಗಡಗಡ ನಡುಗಿತು. ಇವತ್ತು ಬೆಳಿಗ್ಗೆ ಜಾಡಿಗಳ ತಳದಲ್ಲೆಲ್ಲ ಹರಳು ಮಿನುಗುತ್ತಿತ್ತು. ಪಕ್ಕದ ಮನೆ ಹೆಡ್ವಿಗ್ ಬಗ್ಗಿ ನೋಡಿ, "ಅಯ್ಯೋ, ಗಾಜಿನ ಚೂರು ಕಣೇ!" ಅಂದಳು.

"ದ್ರಾಕ್ಷಿ ಹುಳಿ ಅದು, ಚಳಿಗೆ ಹೀಗೆ ಹರಳಾಗಿ ತಳಕ್ಕಿಳಿಯುತ್ತೆ, ಬಾಯಿ ತೆಗಿ," ಅಂತ ಒಂದು ಹರಳನ್ನು ಅವಳ ನಾಲಿಗೆ ಮೇಲಿಟ್ಟೆ. ಮುಖ ಕಿವುಚಿ ನಕ್ಕಳು.

ನನ್ನ ಮದುವೆ ಊಟದಲ್ಲಿ ನಾನೂ ಹೀಗೇ "ಗಾಜು!" ಅಂತ ಕಿರುಚಿದ್ದೆ. ನೀವು ಅಷ್ಟೂ ಶೀಸೆಗಳನ್ನು ಮೋರಿಗೆ ಸುರಿದಿರಿ. ಆಮೇಲೆ ಪ್ರತಿ ಚಳಿಗಾಲವೂ ಹರಳೆಲ್ಲ ಜಾಡಿಯಲ್ಲೇ ಉಳಿದು ನನ್ನ ಲೋಟಕ್ಕೆ ಬೀಳದಿರಲಿ ಅಂತ ಜಾಡಿ ಹೊತ್ತು ಹಿಮಕ್ಕೆ ಹೋದಿರಿ.

ಈ ಸಲ ಒಂದೇ ಒಂದು ಶೀಸೆಗೆ ಹಿಮದಲ್ಲಿಡದ ವೈನನ್ನೇ ತುಂಬಿಸಿದ್ದೇನೆ, ಮಾವಾ. ಅದರ ಹರಳು ನನ್ನ ಲೋಟಕ್ಕೇ ಬೀಳಲಿ.