ಪಕ್ಕದ ಸೀಟಿನ ಮೇಲಿನ ದಸ್ತಿ

ತಿಕೋಟಾ
ಸೋಮವಾರ

ವಿಜಯಪುರದ ಟಾಕೀಜಿನ ಮ್ಯಾನೇಜರ್ ಸಾಹೇಬರಿಗೆ ಅನುರಾಧಾಳ ನಮಸ್ಕಾರಗಳು.

ಸಿನಿಮಾ ಹೇಗಿತ್ತೆಂದು ಬರೆದು ತಿಳಿಸಿ ಎಂದು ಬಾಗಿಲಲ್ಲಿ ಬೋರ್ಡು ಹಾಕಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಆಕಾಶನೌಕೆಯ ಆ ಕಥೆಯ ಮೊದಲೆರಡು ಭಾಗಗಳನ್ನು ನಮ್ಮ ಮನೆಯವರ ಜೊತೆ ನಿಮ್ಮಲ್ಲೇ ನೋಡಿದ್ದೆ. ಮೂರನೆಯದು ಬರುವಷ್ಟರಲ್ಲಿ ಅವರೇ ತೀರಿಕೊಂಡರು.

ನಿನ್ನೆ ಒಬ್ಬಳೇ ಬಂದು ಅದನ್ನು ನೋಡಿದೆ. ಕೊನೆಗೆ ಜನ ಬಹಳ ಸಿಟ್ಟಾದರು. ನಾಯಕ ತಿರುಗಿ ಬರಲೇ ಇಲ್ಲ. ಅವನ ದನಿ ಕೇಳೀತೆಂದು ನಾಯಕಿ ರೇಡಿಯೋ ಹಚ್ಚಿಕೊಂಡು ಕೂತೇ ಇದ್ದಳು. "ಮೂರು ಭಾಗ ತೋರ್ಸಿ ಹಿಂಗ ಮುಗಸ್ತಾರೇನ್ರಿ?" ಎಂದು ಹಿಂದಿನವರು ಕೂಗಿದರು. ನನಗೆ ಮಾತ್ರ ಅದೇ ಸರಿ ಅನ್ನಿಸಿತು. ರೇಡಿಯೋ ಬಂದ್ ಮಾಡಿ ಎದ್ದು ಹೋಗು ಎಂದು ಅವಳಿಗೆ ಹೇಳಲು ಇವರು ಯಾರು?

ಇನ್ನೊಂದು ವಿನಂತಿ. ಕಿಟಕಿಯಿಂದ ದಸ್ತಿ ಹಾಕಿ ಬಸ್ಸಿನಲ್ಲಿ ಸೀಟು ಹಿಡಿಯುತ್ತೇವಲ್ಲ, ನಮ್ಮವರು ಟಾಕೀಜಿನಲ್ಲೂ ನನಗಾಗಿ ಹಾಗೇ ಮಾಡುತ್ತಿದ್ದರು. ಇಲ್ಲಿ ಸೀಟಿಗೆ ನಂಬರ್ ಇರುತ್ತದೆ ಎಂದರೂ ಕೇಳುತ್ತಿರಲಿಲ್ಲ. ನಿನ್ನೆ ಅವರ ದಸ್ತಿಯನ್ನು ನಾನು ಪಕ್ಕದ ಸೀಟಿಗೆ ಹಾಕಿದ್ದೆ. ಆ ಸೀಟಿನ ಟಿಕೆಟ್ ಇದ್ದವರು ಬಂದು, "ಯಾರರೆ ಬರಾವ್ರ ಅದಾರೇನ್ರಿ ಅಕ್ಕಾರ?" ಎಂದರು. "ಹೌದ್ರಿ, ಬರ್ತಾರ" ಎಂದುಬಿಟ್ಟೆ. ಪಾಪ, ಅವರು ಮುಂದಿನ ಸಾಲಿಗೆ ಹೋಗಿ ಕೂತರು. ಕೊನೆಯ ಗದ್ದಲದಲ್ಲಿ ದಸ್ತಿ ಅಲ್ಲೇ ಮರೆತು ಬಂದೆ.

ನೀಲಿ ಅಂಚಿನ ಕರವಸ್ತ್ರ ಅದು. ಸಿಕ್ಕರೆ ದಯವಿಟ್ಟು ತೆಗೆದಿಡಿ, ರವಿವಾರ ಬರುತ್ತೇನೆ. ಆಗಲೂ ಅದೇ ಸಿನಿಮಾ ಇದ್ದರೆ, ಈ ಸಲ ಎರಡು ಟಿಕೆಟ್ ತೆಗೆಸುತ್ತೇನೆ.

ಇಂತಿ,
ಅನುರಾಧಾ